ಚಿಕ್ಕೋಡಿ–ಕಾಗವಾಡ ಸೀಮೆಯ ತಾಲ್ಲೂಕುಗಳು: ಆಡಳಿತದ ಇತಿಹಾಸ

ಚಿಕ್ಕೋಡಿ–ಕಾಗವಾಡ ಸೀಮೆಯ ತಾಲ್ಲೂಕುಗಳು ಎಂದರೆ ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿ, ಕೃಷ್ಣಾ ನದಿಯ ಎರಡೂ ದಂಡೆಗೆ ಹರಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಎಂಬ ಐದು ಕಂದಾಯ ಘಟಕಗಳು. ಐದೂ ಚಿಕ್ಕೋಡಿ ಕಂದಾಯ ಉಪವಿಭಾಗಕ್ಕೆ ಸೇರಿವೆ. ನದಿಯ ಉತ್ತರಕ್ಕೆ ಅಥಣಿ ಮತ್ತು ಕಾಗವಾಡ, ದಕ್ಷಿಣಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ. ಪಶ್ಚಿಮಕ್ಕೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ, ಉತ್ತರಕ್ಕೆ ಸಾಂಗಲಿ ಜಿಲ್ಲೆ. ಕಾಗವಾಡದವರಿಗೆ ತಮ್ಮ ಹಳೆಯ ತಾಲ್ಲೂಕು ಕೇಂದ್ರವಾದ ಅಥಣಿಗಿಂತ ಗಡಿಯಾಚೆಯ ಮಿರಜವೇ ಹತ್ತಿರ.

ಈ ನೆಲದ ಮೇಲಿನ ಆಡಳಿತ ಘಟಕ ಸಾವಿರ ವರ್ಷಗಳಲ್ಲಿ ನಾಡು, ಕಂಪಣ, ಸರ್ಕಾರ, ಪರಗಣೆ, ಮಹಾಲ, ಜಹಗೀರು, ಸಂಸ್ಥಾನ, ತಾಲ್ಲೂಕು ಎಂದು ಹೆಸರು ಬದಲಿಸುತ್ತ ಬಂದಿದೆ. ಮೇಲಿನ ಒಡೆಯರು ಬದಲಾದಷ್ಟು ಸಲ ಕೆಳಗಿನ ಗೆರೆಗಳು ಬದಲಾಗಿಲ್ಲ. ಊರು ಮತ್ತು ಹೊಳೆ ಇದ್ದಲ್ಲೇ ಇದ್ದವು. ಊರನ್ನು ಯಾವ ಕಚೇರಿಗೆ ಕಟ್ಟಬೇಕು ಎಂಬುದಷ್ಟೇ ಮತ್ತೆ ಮತ್ತೆ ತೀರ್ಮಾನವಾಗುತ್ತ ಬಂತು.

ಪರಿಭಾಷೆ

ಇಲ್ಲಿ ಬಳಸುವ ಪದಗಳು ಕಾಲಕಾಲಕ್ಕೆ ಬೇರೆ ಅರ್ಥ ಪಡೆದಿರುವುದರಿಂದ ಅವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ‘ನಾಡು’ ಶಾಸನಗಳ ಕಾಲದ ದೊಡ್ಡ ಪ್ರಾಂತ. ‘ಕಂಪಣ’ ಅದರೊಳಗಿನ ಹಳ್ಳಿಗಳ ಗುಂಪು. ‘ಸರ್ಕಾರ’ ಎಂಬುದು ಆದಿಲಶಾಹಿ ಮತ್ತು ಮೊಘಲ ದಾಖಲೆಗಳಲ್ಲಿ ಇಂದಿನ ಜಿಲ್ಲೆಗೆ ಸಮೀಪವಾದ ಘಟಕ, ಈಗಿನ ಅರ್ಥದ ಸರ್ಕಾರ ಅಲ್ಲ. ‘ಪರಗಣೆ’ ಅದರ ಉಪಘಟಕ. ‘ಮಹಾಲ’ ಮೊದಲು ಕಂದಾಯದ ಲೆಕ್ಕದ ಘಟಕವಾಗಿತ್ತು, ಬ್ರಿಟಿಷರ ಕಾಲಕ್ಕೆ ತಾಲ್ಲೂಕಿಗಿಂತ ಸಣ್ಣ ಘಟಕದ ಹೆಸರಾಯಿತು. ‘ಪೇಟಾ’ ಎಂಬುದೂ ಅಂಥದೇ ಉಪತಾಲ್ಲೂಕು. ‘ತಾಲ್ಲೂಕು’ ಮುಂಬಯಿ ಪ್ರಾಂತದಲ್ಲಿ ಮಾಮಲೇದಾರನ ಅಧಿಕಾರ ಕ್ಷೇತ್ರ, ಇಂದು ತಹಶೀಲ್ದಾರರದು. ಈ ಸೀಮೆಯ ಹಿರಿಯರ ಬಾಯಲ್ಲಿ ತಹಶೀಲ್ದಾರ ಕಚೇರಿ ಇನ್ನೂ ‘ಮಾಮಲೇದಾರ ಕಚೇರಿ’ಯೇ. ಹೊಲದ ದಾಖಲೆಯ ನಕಲಿಗೆ ಮೈಸೂರು ಕಡೆಯವರು ಪಹಣಿ ಎಂದರೆ ಇಲ್ಲಿಯವರು ‘ಉತಾರ’ ಎನ್ನುತ್ತಾರೆ. ಗ್ರಾಮ ಲೆಕ್ಕಿಗನನ್ನು ಬಹುಕಾಲ ‘ತಲಾಠಿ’ ಎಂದೇ ಕರೆದರು.

ಮೂಲ: ಕೂಂಡಿ 3000

ಈ ಪ್ರದೇಶದ ಆಡಳಿತ ಘಟಕಗಳ ಅತ್ಯಂತ ಹಳೆಯ ಸ್ಪಷ್ಟ ಚಿತ್ರ ಸಿಗುವುದು ಸೌಂದತ್ತಿಯ ರಟ್ಟರ ಶಾಸನಗಳಲ್ಲಿ. ರಟ್ಟರು ಮೊದಲು ರಾಷ್ಟ್ರಕೂಟರ, ಅನಂತರ ಕಲ್ಯಾಣದ ಚಾಲುಕ್ಯರ ಅಧೀನದಲ್ಲಿದ್ದ ಮಹಾಮಂಡಳೇಶ್ವರರು. ಅವರು ಆಳಿದ ಪ್ರಾಂತದ ಹೆಸರು ಕೂಂಡಿ 3000. ರಾಜಧಾನಿ ಸುಗಂಧವರ್ತಿ, ಅಂದರೆ ಇಂದಿನ ಸೌಂದತ್ತಿ. ಮುಂದೆ ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಹೋದರು. ಕೂಂಡಿಯ ಆಚೆ ಕೊಲ್ಹಾಪುರದ ಶಿಲಾಹಾರರ ಸೀಮೆ. ಅಲ್ಲಿನ ಮಿರಿಂಜೆ ನಾಡೇ ಇಂದಿನ ಮಿರಜ. ಕಾಗವಾಡದ ಸುತ್ತಲಿನ ಊರುಗಳು ಈ ಎರಡು ಮನೆತನಗಳ ನೆಲ ಕೂಡುವಲ್ಲಿದ್ದವು. ಗಡಿಸೀಮೆ ಎಂಬ ಸ್ಥಿತಿ ಇಲ್ಲಿ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹುಟ್ಟಿದ್ದಲ್ಲ.

ಪ್ರಾಂತದ ಹೆಸರಿಗೆ ಅಂಟಿದ 3000, 70, 12 ಮುಂತಾದ ಸಂಖ್ಯೆಗಳ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಣ್ಣ ಸಂಖ್ಯೆಗಳು ಹಳ್ಳಿಗಳ ಎಣಿಕೆಯಂತೆ ಕಾಣುತ್ತವೆ, ದೊಡ್ಡವು ಕಂದಾಯದ ಅಂದಾಜೋ ಸಾಂಪ್ರದಾಯಿಕ ಲೆಕ್ಕವೋ ಇರಬೇಕು. ಘಟಕಗಳ ಒಳಜೋಡಣೆ ಮಾತ್ರ ಸ್ಪಷ್ಟವಾಗಿದೆ. ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕಲ್ಲೋಳಿಯ 1204ರ ಶಾಸನ ನಾಲ್ವಡಿ ಕಾರ್ತವೀರ್ಯನ ಕಾಲದ್ದು. ಅದರಲ್ಲಿ ಆ ಊರಿನ ಹೆಸರು ಸಿಂದನ ಕಲ್ಪೊಳೆ, ಅದು ಕೂಂಡಿ 3000ದೊಳಗಿನ ಕುರುಂಬೆಟ್ಟ ಕಂಪಣಕ್ಕೆ ಸೇರಿದ್ದು. ಊರು, ಕಂಪಣ, ನಾಡು ಎಂಬ ಮೂರು ಮೆಟ್ಟಿಲು ಒಂದೇ ಶಾಸನದಲ್ಲಿ ಸಿಗುತ್ತವೆ. ಇಂದಿನ ಉತಾರದ ತಲೆಯಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು ಎಂದು ಬರೆಯುವ ಪದ್ಧತಿಗೂ ಅದಕ್ಕೂ ವ್ಯತ್ಯಾಸ ಕಡಿಮೆ. ಕೃಷ್ಣೆಯ ಕೆಳಹರಿವಿನಲ್ಲಿರುವ ತೇರದಾಳದ 12ನೆಯ ಶತಮಾನದ ಶಾಸನದಲ್ಲಿ ಆ ಊರು 12 ಹಳ್ಳಿಗಳ ಗುಂಪಿನ ಮುಖ್ಯಸ್ಥಳ.

ನಾಡಿನ ಮೇಲೆ ಮಂಡಳೇಶ್ವರ, ಊರಿನ ಮೇಲೆ ಗಾವುಂಡ, ಲೆಕ್ಕಕ್ಕೆ ಸೇನಬೋವ. ಗಾವುಂಡನೇ ಮುಂದೆ ಗೌಡನಾದ, ಸೇನಬೋವ ಶ್ಯಾನುಭೋಗನಾದ. 13ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಸೇವುಣ ಸಿಂಘಣನ ದಂಡನಾಯಕ ಬೀಚಣ ರಟ್ಟರನ್ನು ಸೋಲಿಸಿದ ಮೇಲೆ ಕೂಂಡಿ ಎಂಬ ಘಟಕ ಸೇವುಣ ರಾಜ್ಯದಲ್ಲಿ ಕರಗಿತು.

ಸರ್ಕಾರ ಮತ್ತು ಪರಗಣೆ

ಬಹಮನಿ ಸುಲ್ತಾನರ ಪರವಾಗಿ ಮಹಮೂದ ಗಾವಾನ 1472ರ ಹೊತ್ತಿಗೆ ಬೆಳಗಾವಿಯ ಕೋಟೆಯನ್ನು ಗೆದ್ದ. ಅದೇ ಶತಮಾನದ ಕೊನೆಗೆ ವಿಜಯಪುರದ ಆದಿಲಶಾಹಿ ಸ್ಥಾಪನೆಯಾದ ಮೇಲೆ ಈ ಸೀಮೆ ಸುಮಾರು ಇನ್ನೂರು ವರ್ಷ ಅದರ ಒಳನಾಡಾಗಿತ್ತು. ವಿಜಯಪುರದಿಂದ ಗೋವೆಯ ಬಂದರಿಗೆ ಹೋಗುವ ವ್ಯಾಪಾರದ ದಾರಿ ಅಥಣಿ, ರಾಯಬಾಗಗಳ ಮೂಲಕವೇ ಸಾಗುತ್ತಿದ್ದುದರಿಂದ ಎರಡೂ ಊರುಗಳು ಪೇಟೆಗಳಾಗಿ ಬೆಳೆದವು. 17ನೆಯ ಶತಮಾನದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ ಅಥಣಿಯನ್ನು ವ್ಯಾಪಾರದ ಊರೆಂದು ಹೆಸರಿಸಿದ್ದಾನೆ.

1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದಾಗ ಅದು ಮೊಘಲರ ಒಂದು ಸುಭೆ, ಅಂದರೆ ಪ್ರಾಂತ ಆಯಿತು. ಆ ಸುಭೆಯ ಸರ್ಕಾರಗಳ ಪಟ್ಟಿಯಲ್ಲಿ ರಾಯಬಾಗ ಒಂದು. ಮುರ್ತಜಾಬಾದ ಎಂಬ ಹೆಸರಿನಲ್ಲಿ ಮಿರಜ, ಆಜಮನಗರ ಎಂಬ ಹೆಸರಿನಲ್ಲಿ ಬೆಳಗಾವಿ ಕೂಡ ಅದರಲ್ಲಿವೆ. ಅಂದರೆ ಇಂದು ಸಾಧಾರಣ ತಾಲ್ಲೂಕು ಕೇಂದ್ರವಾಗಿರುವ ರಾಯಬಾಗ ಒಂದು ಕಾಲಕ್ಕೆ ಬೆಳಗಾವಿಗೆ ಸಮನಾದ ಸ್ಥಾನದಲ್ಲಿತ್ತು. ಈ ಸೀಮೆಯ ಊರುಗಳ ಏರಿಳಿತವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪರಗಣೆಯ ಕಂದಾಯಕ್ಕೆ ದೇಸಾಯಿ, ಲೆಕ್ಕಕ್ಕೆ ದೇಶಪಾಂಡೆ, ಊರಿನ ಮಟ್ಟದಲ್ಲಿ ಪಾಟೀಲ ಮತ್ತು ಕುಲಕರ್ಣಿ. ಇವು ತಂದೆಯಿಂದ ಮಗನಿಗೆ ಬರುವ ವತನಗಳು. ವತನದಾರರಿಗೆ ಇನಾಮು ಭೂಮಿ, ಊರ ಹುಟ್ಟುವಳಿಯಲ್ಲಿ ಪಾಲು, ಜಾತ್ರೆಯಲ್ಲಿ ಮಾನ ಸಲ್ಲುತ್ತಿತ್ತು. ಸುಲ್ತಾನ ಹೋಗಿ ಮೊಘಲ ಬಂದರೂ, ಮೊಘಲ ಹೋಗಿ ಪೇಶ್ವೆ ಬಂದರೂ ಹೊಸ ಒಡೆಯ ಹಳೆಯ ವತನದ ಸನದನ್ನು ಎತ್ತಿಹಿಡಿಯುವುದೇ ರೂಢಿಯಾಗಿತ್ತು. ಊರಿನ ಲೆಕ್ಕ ಗೊತ್ತಿದ್ದವರು ಅವರೊಬ್ಬರೇ ಆದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಇಂದು ಕೃಷ್ಣೆಯ ದಂಡೆಯ ಯಾವ ಊರಿನ ಮತದಾರರ ಪಟ್ಟಿಯನ್ನು ತೆರೆದರೂ ಈ ನಾಲ್ಕು ಹುದ್ದೆಗಳು ಅಡ್ಡಹೆಸರುಗಳಾಗಿ ಸಾಲುಗಟ್ಟಿ ನಿಂತಿರುತ್ತವೆ.

ಊರ ಹೆಸರುಗಳಲ್ಲೂ ಆ ಕಾಲದ ಕಚೇರಿಯ ಗುರುತು ಉಳಿದಿದೆ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದ, ಉಗಾರ ಬುದ್ರುಕ ಎಂಬ ಜೋಡಿಯನ್ನು ನೋಡಬಹುದು. ಖುರ್ದ ಎಂದರೆ ಫಾರಸಿಯಲ್ಲಿ ಸಣ್ಣದು. ಬುದ್ರುಕ ಎಂಬುದು ದೊಡ್ಡದು, ಹಿರಿದು ಎಂಬ ಅರ್ಥದ ‘ಬುಜುರ್ಗ್’ನ ನಾಡುರೂಪ. ಒಂದೇ ಹೆಸರಿನ ಎರಡು ಊರುಗಳನ್ನು ಕಂದಾಯದ ಪುಸ್ತಕದಲ್ಲಿ ಬೇರ್ಪಡಿಸಲು ಗುಮಾಸ್ತ ಹಾಕಿದ ಗುರುತು ಅದು. ಈಗ ‘ಸಣ್ಣ’ ಉಗಾರವೇ ಸಕ್ಕರೆ ಕಾರ್ಖಾನೆ, ರೈಲು ನಿಲ್ದಾಣ ಇರುವ ದೊಡ್ಡ ಊರು, ಹೆಸರು ಮಾತ್ರ ಖುರ್ದ ಎಂದೇ ಇದೆ.

ವಾರಣಾ ಒಪ್ಪಂದ ಮತ್ತು ಹೊಳೆಯ ಗೆರೆ

ಮರಾಠರ ಕಾಲದಲ್ಲಿ ಈ ಸೀಮೆಯ ನಕಾಶೆಯನ್ನು ನಿರ್ಧರಿಸಿದ ಘಟನೆ 1731ರ ವಾರಣಾ ಒಪ್ಪಂದ. ಶಿವಾಜಿಯ ವಂಶ ಸಾತಾರಾ ಮತ್ತು ಕೊಲ್ಹಾಪುರ ಎಂದು ಎರಡಾಗಿ ಒಡೆದಿತ್ತು. ಸಾತಾರೆಯ ಶಾಹೂ ಮತ್ತು ಕೊಲ್ಹಾಪುರದ ಸಂಭಾಜಿಯ ನಡುವಿನ ಈ ಒಪ್ಪಂದದಲ್ಲಿ ವಾರಣಾ ನದಿಯನ್ನೂ, ಅದು ಕೃಷ್ಣೆಯನ್ನು ಸೇರಿದ ಮೇಲೆ ಕೃಷ್ಣೆಯನ್ನೂ ಗಡಿಯೆಂದು ಹಿಡಿದರು. ದಕ್ಷಿಣದ ನೆಲ ಕೊಲ್ಹಾಪುರಕ್ಕೆ. ಮಿರಜ, ಅಥಣಿ ಮೊದಲಾದ ಉತ್ತರದ ಠಾಣ್ಯಗಳು ಸಾತಾರೆಗೆ.

ರಾಯಬಾಗ ಹೊಳೆಯ ದಕ್ಷಿಣಕ್ಕಿತ್ತು, ಕೊಲ್ಹಾಪುರದ ಪಾಲಾಯಿತು. ಮುಂದೆ 1949ರವರೆಗೂ ಅದು ಕೊಲ್ಹಾಪುರ ಸಂಸ್ಥಾನದ ಮಹಾಲವಾಗಿಯೇ ಉಳಿಯಿತು. ಹೊಳೆಯಾಚೆಯ ಅಥಣಿ ಪೇಶ್ವೆಯರ, ಅನಂತರ ಬ್ರಿಟಿಷರ ಆಡಳಿತಕ್ಕೆ ಹೋಯಿತು. ಪಕ್ಕಪಕ್ಕದ ಈ ಎರಡು ತಾಲ್ಲೂಕುಗಳ ದಫ್ತರಗಳು ಎರಡು ಬೇರೆ ಊರುಗಳ ಅಭಿಲೇಖಾಗಾರಗಳಲ್ಲಿ ಕೂಡಲು ಕಾರಣ ಆ ಒಂದು ನಿರ್ಧಾರ.

18ನೆಯ ಶತಮಾನದ ಉತ್ತರಾರ್ಧದಲ್ಲಿ ಪೇಶ್ವೆಯರು ಮಿರಜ ಸೀಮೆಯನ್ನು ಪಟವರ್ಧನ ಮನೆತನಕ್ಕೆ ಸೈನ್ಯದ ಖರ್ಚಿಗೆಂದು ಸರಂಜಾಮಾಗಿ ಕೊಟ್ಟರು. ಪಟವರ್ಧನರ ಕೆಲಸ ಕೊಲ್ಹಾಪುರದವರನ್ನೂ ದಕ್ಷಿಣದ ಹೈದರಾಲಿಯನ್ನೂ ತಡೆಯುವುದು. ಚಿಕ್ಕೋಡಿ ಸೀಮೆ ಕೊಲ್ಹಾಪುರದವರು, ಪಟವರ್ಧನರು ಮತ್ತು ನಿಪ್ಪಾಣಿಯ ದೇಸಾಯಿ ಈ ಮೂವರ ನಡುವೆ ಕೈಬದಲಾಗುತ್ತ ಹೋಯಿತು.

ಸಂಸ್ಥಾನಗಳ ಕಾಲ

1818ರಲ್ಲಿ ಪೇಶ್ವೆಯ ಆಡಳಿತ ಕೊನೆಗೊಂಡಾಗ ಬ್ರಿಟಿಷರಿಗೆ ದೊರೆತದ್ದು ಒಂದೇ ತುಂಡಾದ ನೆಲವಲ್ಲ. ದಕ್ಷಿಣ ಮರಾಠಾ ಸೀಮೆ ಎಂದು ಅವರು ಕರೆದ ಈ ಭಾಗದಲ್ಲಿ ಕಂಪನಿಯ ಹಳ್ಳಿಗಳು, ಕೊಲ್ಹಾಪುರದ ಹಳ್ಳಿಗಳು, ಪಟವರ್ಧನರ ನಾನಾ ಶಾಖೆಗಳ ಹಳ್ಳಿಗಳು ಕೌದಿಯ ತುಂಡುಗಳಂತೆ ಒಂದರ ಪಕ್ಕ ಒಂದು ಹೊಲಿದುಕೊಂಡಿದ್ದವು. ಪಟವರ್ಧನರ ಮನೆತನವೇ ಸಾಂಗಲಿ, ಮಿರಜ, ಜಮಖಂಡಿ, ಕುರುಂದವಾಡ ಎಂದು ಕವಲೊಡೆದಿತ್ತು. ಕಾಗವಾಡ–ಶೇಡಬಾಳ ಭಾಗದಲ್ಲಿ ಅದೇ ಮನೆತನದ ಶೇಡಬಾಳ ಶಾಖೆ ಆಳುತ್ತಿತ್ತು.

ಬ್ರಿಟಿಷರು ಈ ತುಂಡುಗಳನ್ನು ಒಂದೊಂದಾಗಿ ಸೇರಿಸಿಕೊಂಡರು. ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಕೊಲ್ಹಾಪುರ ಸಹಕರಿಸಿತೆಂದು ಚಿಕ್ಕೋಡಿ ಮತ್ತು ಮನೋಳಿ ಸೀಮೆಗಳನ್ನು ಮೊದಲು ಕೊಲ್ಹಾಪುರದ ರಾಜನಿಗೆ ಕೊಟ್ಟಿದ್ದರು. ಅವನು ಒಪ್ಪಂದ ಮುರಿದನೆಂದು 1827ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ ನಿಂಬಾಳಕರನ ಮರಣಾನಂತರ 1839ರಲ್ಲಿ ವಾರಸುದಾರರಿಲ್ಲವೆಂದು ನಿಪ್ಪಾಣಿಯನ್ನು ವಶಪಡಿಸಿಕೊಂಡರು. ಅದನ್ನೊಪ್ಪದೆ 1841ರಲ್ಲಿ ನಿಪ್ಪಾಣಿಯ ಕೋಟೆಯಲ್ಲಿ ದಂಗೆಯೆದ್ದಿತು. ಶೇಡಬಾಳ ಶಾಖೆಯ ಜಹಗೀರು 1857ರಲ್ಲಿ ಹೀಗೆಯೇ ಬ್ರಿಟಿಷರ ಕೈಸೇರಿ ಅಥಣಿ ತಾಲ್ಲೂಕಿನೊಳಗೆ ಬಂತು.

ಶೇಡಬಾಳ ಮತ್ತು ಉಗಾರ ಖುರ್ದ ಒಂದೇ ರೈಲು ಮಾರ್ಗದ ಹತ್ತಿರದ ನಿಲ್ದಾಣಗಳು. 1857ರ ನಂತರ ಶೇಡಬಾಳದ ರೈತ ಬ್ರಿಟಿಷ್ ಪ್ರಜೆ. ಉಗಾರ ಖುರ್ದದ ರೈತ ಸಾಂಗಲಿ ಸಂಸ್ಥಾನದ ಪ್ರಜೆ. ಮೊದಲನೆಯವನು ಕಂದಾಯ ಕಟ್ಟಿದ್ದು ಅಥಣಿಯ ಮಾಮಲೇದಾರನಿಗೆ, ಎರಡನೆಯವನು ಸಾಂಗಲಿಯ ದರಬಾರಿಗೆ. ಹೊಳೆ ದಾಟಿದರೆ ಸಿಗುವ ರಾಯಬಾಗದವನ ದೊರೆ ಕೊಲ್ಹಾಪುರದ ಛತ್ರಪತಿ. ಮೂವರೂ ಮನೆಯಲ್ಲಿ ಆಡುತ್ತಿದ್ದದ್ದು ಒಂದೇ ಕನ್ನಡ, ನೀರಿಗೆ ಇಳಿಯುತ್ತಿದ್ದದ್ದು ಒಂದೇ ಕೃಷ್ಣೆಗೆ. 1939ರಲ್ಲಿ ಉಗಾರ ಸಕ್ಕರೆ ಕಾರ್ಖಾನೆ ಆರಂಭವಾದದ್ದು ಸಾಂಗಲಿ ಸಂಸ್ಥಾನದ ನೆಲದಲ್ಲಿ. ಈ ಭಾಗದ ಕಬ್ಬಿನ ಕೃಷಿಯ ಇತಿಹಾಸ ಬರೆಯುವವರು ಬೆಳಗಾವಿ ಜಿಲ್ಲೆಯ ಹಳೆಯ ದಾಖಲೆಗಳನ್ನಷ್ಟೇ ನೋಡಿದರೆ ಅರ್ಧ ಸಂಗತಿ ಬಿಟ್ಟುಹೋಗುವುದು ಇದೇ ಕಾರಣಕ್ಕೆ.

ಬ್ರಿಟಿಷ್ ಜಿಲ್ಲೆ ಮತ್ತು ತಾಲ್ಲೂಕು

ಕಂಪನಿಯ ನೆಲವೆಲ್ಲ ಮೊದಲು ಧಾರವಾಡದ ಕಲೆಕ್ಟರನ ಕೈಯಲ್ಲಿತ್ತು. 1836ರಲ್ಲಿ ಧಾರವಾಡವನ್ನು ಒಡೆದು ಉತ್ತರದ ಭಾಗವನ್ನು ಬೆಳಗಾವಿ ಜಿಲ್ಲೆಯಾಗಿ ಮಾಡಿದರು. 1864ರಲ್ಲಿ ಕಲಾದಗಿ ಜಿಲ್ಲೆ ಬೇರೆಯಾದಾಗ ಪೂರ್ವದ ತಾಲ್ಲೂಕುಗಳು ಅದಕ್ಕೆ ಹೋದವು. ಅದೇ ಮುಂದೆ ವಿಜಯಪುರ ಜಿಲ್ಲೆ. 1884ರ ಮುಂಬಯಿ ಗೆಜೆಟಿಯರಿನ ಬೆಳಗಾವಿ ಸಂಪುಟ ಏಳು ತಾಲ್ಲೂಕುಗಳನ್ನು ವಿವರಿಸುತ್ತದೆ: ಅಥಣಿ, ಚಿಕ್ಕೋಡಿ, ಬೆಳಗಾವಿ, ಗೋಕಾಕ, ಪರಸಗಡ, ಸಂಪಗಾವಿ, ಖಾನಾಪುರ. ಇಂದಿನ ಐದು ತಾಲ್ಲೂಕುಗಳ ಸೀಮೆಯಲ್ಲಿ ಆಗ ಬ್ರಿಟಿಷರ ತಾಲ್ಲೂಕುಗಳು ಎರಡೇ. ನಿಪ್ಪಾಣಿ ಚಿಕ್ಕೋಡಿಯೊಳಗೆ, ಕಾಗವಾಡ ಅಥಣಿಯೊಳಗೆ. ರಾಯಬಾಗ ಆ ಪುಸ್ತಕದ ಲೆಕ್ಕಕ್ಕೇ ಬರಲಿಲ್ಲ. ಹುಕ್ಕೇರಿ ಆಗ ಚಿಕ್ಕೋಡಿಯ ಭಾಗ. ಮುಂದೆ ಪೇಟಾ ಆಗಿ, ಆಮೇಲೆ ಪೂರ್ಣ ತಾಲ್ಲೂಕಾಯಿತು.

ಬ್ರಿಟಿಷರು ತಂದ ದೊಡ್ಡ ಬದಲಾವಣೆ ಗಡಿಯಲ್ಲಿ ಆದದ್ದಲ್ಲ, ಅಳತೆಯಲ್ಲಿ ಆದದ್ದು. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿ, 1847ರ ಜಂಟಿ ವರದಿಯಲ್ಲಿ ಖಚಿತಗೊಳಿಸಿದ ಮುಂಬಯಿ ಸರ್ವೇ ಪದ್ಧತಿ ಪ್ರತಿ ಹೊಲಕ್ಕೂ ಒಂದು ನಂಬರು ಕೊಟ್ಟಿತು. ಅದಕ್ಕೂ ಮೊದಲು ಹೊಲವನ್ನು ಯಜಮಾನನ ಹೆಸರಿನಿಂದಲೋ ಮರ, ಹಳ್ಳ, ಕಲ್ಲಿನ ಗುರುತಿನಿಂದಲೋ ಹೇಳುತ್ತಿದ್ದರು. ಮಣ್ಣಿನ ಗುಣ ನೋಡಿ ಆಕಾರ, ಅಂದರೆ ಕಂದಾಯ ಕಟ್ಟುವುದು, ಮೂವತ್ತು ವರ್ಷಕ್ಕೊಮ್ಮೆ ಅದನ್ನು ಪುನಃ ನಿಗದಿ ಮಾಡುವುದು ಈ ಪದ್ಧತಿಯ ನಿಯಮ. ಇಂದಿಗೂ ಅಥಣಿ, ಚಿಕ್ಕೋಡಿಗಳ ಖರೀದಿಪತ್ರಗಳಲ್ಲಿ ‘ರಿ.ಸ.ನಂ.’ ಎಂಬ ಮೂರು ಚುಟುಕು ಅಕ್ಷರಗಳು ಕಾಣುತ್ತವೆ. ಅದು ‘ರಿವಿಜನ್ ಸರ್ವೇ ನಂಬರ್’, ಅಂದರೆ ಎರಡನೆಯ ಅಳತೆಯ ನಂಬರು. ಅಲ್ಲಿಂದಾಚೆ ತಾಲ್ಲೂಕಿನ ಹೆಸರು ಎಷ್ಟು ಸಲ ಬದಲಾದರೂ ಹೊಲದ ನಂಬರು ಬದಲಾಗದ ಕಾರಣ, ಹಳೆಯ ವ್ಯಾಜ್ಯಗಳಲ್ಲಿ ವಕೀಲರು ಮೊದಲು ಹಿಡಿಯುವುದು ಈ ಎಳೆಯನ್ನೇ.

ಕಚೇರಿಯ ಬರವಣಿಗೆ ಬಹುಮಟ್ಟಿಗೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಕೊಲ್ಹಾಪುರ, ಸಾಂಗಲಿ ಸಂಸ್ಥಾನಗಳ ಹಳ್ಳಿಗಳಲ್ಲಂತೂ ಅದೇ ನಿಯಮ. ಕನ್ನಡ ಮಾತಾಡುವ ಕುಟುಂಬದ ಅಜ್ಜನ ಕಾಲದ ವಾಟಣಿ ಪತ್ರ (ಆಸ್ತಿ ಪಾಲಿನ ಪತ್ರ) ಮೋಡಿಯಲ್ಲಿರುವುದು ಇಲ್ಲಿ ಸಾಮಾನ್ಯ. ಅದನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟಾಗಿದ್ದಾರೆ. ಇದು ಕುಟುಂಬಗಳಿಗೂ ಇತಿಹಾಸಕಾರರಿಗೂ ಸಮಾನವಾದ ನಷ್ಟ.

ವಿಲೀನ, ಏಕೀಕರಣ, ಗಡಿ

ಸ್ವಾತಂತ್ರ್ಯದ ನಂತರದ ಒಂಬತ್ತು ವರ್ಷಗಳಲ್ಲಿ ನಡೆದಷ್ಟು ಬದಲಾವಣೆ ಹಿಂದಿನ ನೂರು ವರ್ಷಗಳಲ್ಲಿ ನಡೆದಿರಲಿಲ್ಲ. 1948ರ ಮಾರ್ಚ್ 8ರಂದು ಸಾಂಗಲಿ, ಮಿರಜ, ಜಮಖಂಡಿ, ಕುರುಂದವಾಡ, ರಾಮದುರ್ಗ ಮೊದಲಾದ ದಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರ ಮಾರ್ಚ್ 1ರಂದು ಕೊಲ್ಹಾಪುರವೂ ಸೇರಿತು. ಆಗ ರಾಯಬಾಗ ಬೆಳಗಾವಿ ಜಿಲ್ಲೆಯ ತಾಲ್ಲೂಕಾಯಿತು. ವಾರಣಾ ಒಪ್ಪಂದದಿಂದ ಬೇರೆಯಾಗಿದ್ದ ಹೊಳೆಯ ಎರಡು ದಂಡೆಗಳು 218 ವರ್ಷಗಳ ಮೇಲೆ ಒಂದೇ ಜಿಲ್ಲಾಧಿಕಾರಿಯ ಕೈಕೆಳಗೆ ಬಂದವು.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯಂತೆ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರದ ಬೇಡಿಕೆಯ ಮೇಲೆ 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಮೈಸೂರಿನಲ್ಲೇ ಉಳಿಯಬೇಕು, ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಬೇಕು, ಅಲ್ಲಿಂದ 247 ಊರುಗಳು ಇತ್ತ ಬರಬೇಕು ಎಂಬುದು ಅದರ ಶಿಫಾರಸು. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು.

ಕಚೇರಿಯೊಳಗಿನ ವಂಶಪಾರಂಪರ್ಯ ಮುಗಿದದ್ದೂ ಈ ಕಾಲದಲ್ಲೇ. 1950ರ ಮುಂಬಯಿ ಪರಗಣೆ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ ದೇಸಾಯಿ, ದೇಶಪಾಂಡೆ, ಕುಲಕರ್ಣಿ ಹುದ್ದೆಗಳನ್ನು ತೆಗೆಯಿತು. 1961ರ ಗ್ರಾಮಾಧಿಕಾರಿ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ಪಾಟೀಲಕಿಯನ್ನೂ ಮುಗಿಸಿತು. ಅಂದಿನಿಂದ ಊರಿನ ಚಾವಡಿಗೆ ಬಂದವರು ಬದಲಿಯಾಗಬಲ್ಲ, ಸಂಬಳದ ನೌಕರರು.

ಚೀನಾದ ಶ್ಯೆನ್‌ನೊಡನೆ ಹೋಲಿಕೆ

ಊರಿಗೂ ಪ್ರಾಂತಕ್ಕೂ ನಡುವಿನ ಘಟಕವೊಂದು ಹೇಗೆ ಬಾಳುತ್ತದೆ ಎಂಬುದಕ್ಕೆ ಜಗತ್ತಿನ ಹಳೆಯ ನಿದರ್ಶನಗಳಲ್ಲೊಂದು ಚೀನಾದ ಶ್ಯೆನ್. ಕ್ರಿ.ಪೂ. 4ನೆಯ ಶತಮಾನದಲ್ಲಿ ಚಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಹಳ್ಳಿಗಳನ್ನು ಶ್ಯೆನ್‌ಗಳಾಗಿ ಗುಂಪು ಮಾಡಿ ಸಂಬಳದ ಅಧಿಕಾರಿಗಳನ್ನು ನೇಮಿಸಿದ. ಕ್ರಿ.ಪೂ. 221ರಲ್ಲಿ ಚೀನಾ ಒಂದಾದಾಗ ದೇಶವನ್ನು 36 ಪ್ರಾಂತಗಳಾಗಿಯೂ ಅವುಗಳನ್ನು ಶ್ಯೆನ್‌ಗಳಾಗಿಯೂ ಹಂಚಿದರು. ಮೇಲಿನ ಪ್ರಾಂತಗಳ ಹೆಸರು, ಗಾತ್ರ ರಾಜವಂಶದಿಂದ ರಾಜವಂಶಕ್ಕೆ ಬದಲಾದವು, ಶ್ಯೆನ್ ಉಳಿಯಿತು. ಇಂದಿಗೂ ಚೀನಾದಲ್ಲಿ ಸುಮಾರು 1300 ಶ್ಯೆನ್‌ಗಳಿವೆ. ಕೃಷ್ಣೆಯ ದಂಡೆಯ ರೂಢಿ ಒಂದು ಮುಖ್ಯ ಅಂಶದಲ್ಲಿ ಇದಕ್ಕೆ ತದ್ವಿರುದ್ಧ. ಚಿಂಗ್ ಕಾಲದ ಚೀನಾದಲ್ಲಿ ಶ್ಯೆನ್‌ನ ಅಧಿಕಾರಿ ತನ್ನ ಹುಟ್ಟಿದ ಪ್ರಾಂತದಲ್ಲಿ ಕೆಲಸ ಮಾಡುವಂತಿರಲಿಲ್ಲ. ಇಲ್ಲಿ ಅದೇ ಕಾಲದಲ್ಲಿ ಆ ನೆಲದಲ್ಲೇ ಹುಟ್ಟಿದ ಮನೆತನಕ್ಕಷ್ಟೇ ದೇಸಗತಿಯ ಹಕ್ಕು.

ರಚನೆ

1964ರ ಭೂಕಂದಾಯ ಕಾಯ್ದೆಯಂತೆ ತಾಲ್ಲೂಕಿನ ಮುಖ್ಯಸ್ಥರು ತಹಶೀಲ್ದಾರರು. ಅವರ ಕೆಳಗೆ ಶಿರಸ್ತೇದಾರರು, ಹೋಬಳಿಗೆ ಕಂದಾಯ ನಿರೀಕ್ಷಕರು, ಊರಿಗೆ ಗ್ರಾಮ ಆಡಳಿತಾಧಿಕಾರಿ. ಮೇಲೆ ಚಿಕ್ಕೋಡಿಯ ಉಪವಿಭಾಗಾಧಿಕಾರಿ, ಬೆಳಗಾವಿಯ ಜಿಲ್ಲಾಧಿಕಾರಿ, ಪ್ರಾದೇಶಿಕ ಆಯುಕ್ತರು. ಉತಾರದಲ್ಲಿನ ಹೆಸರಿನ ಬಗ್ಗೆ ತಕರಾರು ಬಂದರೆ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿಯ ಮುಂದೆ. ಹಾಗಾಗಿ ಅಥಣಿಯ ಪೂರ್ವದ ಹಳ್ಳಿಗಳವರೂ ಅದಕ್ಕಾಗಿ ಹೊಳೆ ದಾಟಿ ಚಿಕ್ಕೋಡಿಗೆ ಬರಬೇಕು.

ಚುನಾಯಿತ ಮಂಡಳಿಗಳ ಇತಿಹಾಸ ಬೇರೆ. 1959ರ ಕಾಯ್ದೆ ತಾಲ್ಲೂಕು ಬೋರ್ಡುಗಳನ್ನು ತಂದಿತು. 1983ರ ಕಾಯ್ದೆ 1987ರಲ್ಲಿ ಜಾರಿಯಾಗಿ ಮಂಡಲ ಪಂಚಾಯತಿಗಳು ಬಂದವು. 1993ರ ಕಾಯ್ದೆ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿಗಳ ಇಂದಿನ ರೂಪ ಕೊಟ್ಟಿತು. ಕೂಂಡಿ ಮಂಡಲದ ‘ಮಂಡಲ’ ಪ್ರಾಂತವೊಂದರ ಹೆಸರು, 1987ರ ‘ಮಂಡಲ’ ಕೆಲವೇ ಹಳ್ಳಿಗಳ ಗುಂಪು. ಪದ ಒಂದೇ ಆದರೂ ಇವನ್ನು ಬೆರೆಸಬಾರದು.

ಬಗೆಗಳು

ಒಂದೇ ಊರು ಇಂದು ಹಲವು ಬಗೆಯ ಗಡಿಗಳೊಳಗೆ ಏಕಕಾಲಕ್ಕೆ ಇರುತ್ತದೆ, ಅವು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಕಾಗವಾಡ ತಾಲ್ಲೂಕಾಗುವುದಕ್ಕೆ ಬಹಳ ಮೊದಲೇ ವಿಧಾನಸಭಾ ಕ್ಷೇತ್ರವಾಗಿತ್ತು. ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಉಪವಿಭಾಗದ ಆಚೆಯ ಹುಕ್ಕೇರಿ, ಯಮಕನಮರಡಿಗಳೂ ಸೇರಿವೆ. ಶಿಕ್ಷಣ ಇಲಾಖೆಗೆ ಚಿಕ್ಕೋಡಿ ಆಗಲೇ ಒಂದು ಜಿಲ್ಲೆ. ರಾಜ್ಯದ 31 ಕಂದಾಯ ಜಿಲ್ಲೆಗಳಿಗೆ ಎದುರಾಗಿ ಶೈಕ್ಷಣಿಕ ಜಿಲ್ಲೆಗಳು 35 ಇದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಚಿಕ್ಕೋಡಿಗೆ ಪ್ರತ್ಯೇಕ ಸಾಲು ಇರುತ್ತದೆ. ಸಾರಿಗೆ ಇಲಾಖೆಯಲ್ಲಿ ಕೆಎ–23 ಎಂಬ ವಾಹನ ಸಂಖ್ಯೆಯೂ ಚಿಕ್ಕೋಡಿಯದೇ.

ಉಪಯೋಗ

ಜನರ ಬದುಕಿನಲ್ಲಿ ತಾಲ್ಲೂಕು ಕೇಂದ್ರ ಎಂದರೆ ಜಾತಿ–ಆದಾಯ ಪ್ರಮಾಣಪತ್ರ, ಪಿಂಚಣಿ, ಪಡಿತರ ಚೀಟಿ, ನೋಂದಣಿ, ಭೂಮಾಪನ, ಬೆಳೆಹಾನಿ ಪರಿಹಾರ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆ ಉತಾರವನ್ನು ಕಂಪ್ಯೂಟರಿಗೆ ತಂದಿತು, ಮೊದಲ ಕೇಂದ್ರಗಳು ತಾಲ್ಲೂಕು ಕಚೇರಿಗಳಲ್ಲೇ ತೆರೆದವು. ಕೃಷ್ಣೆ ಉಕ್ಕಿದಾಗ ತಾಲ್ಲೂಕಿನ ಗಡಿಯ ಮಹತ್ವ ಎದ್ದು ಕಾಣುತ್ತದೆ. 2005 ಮತ್ತು 2019ರ ನೆರೆಯಲ್ಲಿ ಜುಗೂಳದಂಥ ನದಿದಂಡೆಯ ಊರುಗಳು ಜಲಾವೃತವಾದವು. ಮೊದಲ ನೆರೆಯಲ್ಲಿ ಅವು ಅಥಣಿಯ ಹೊಣೆ, ಎರಡನೆಯದರಲ್ಲಿ 2018ರಲ್ಲಿ ಬೇರೆ ತಾಲ್ಲೂಕಾದ ಕಾಗವಾಡದ್ದು.

ಅಂಕಿಅಂಶ ಬಳಸುವವರು ಇಲ್ಲಿ ಎಚ್ಚರವಹಿಸಬೇಕು. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಆದರೆ ಅದನ್ನು ಹಂಚಿರುವುದು ಹಳೆಯ 10 ತಾಲ್ಲೂಕುಗಳಿಗೆ. ಕಾಗವಾಡವನ್ನು ಅಥಣಿಯಲ್ಲೂ ನಿಪ್ಪಾಣಿಯನ್ನು ಚಿಕ್ಕೋಡಿಯಲ್ಲೂ ಎಣಿಸಲಾಗಿದೆ. ಹೊಸ ತಾಲ್ಲೂಕಿನ ಅಂಕಿ ಬೇಕಾದರೆ ಊರಿಂದೂರಿಗೆ ಕೂಡಿಸಿಯೇ ಪಡೆಯಬೇಕು.

ಈಗಿನ ಸ್ಥಿತಿ

ತಾಲ್ಲೂಕುಗಳನ್ನು ಪುನಃ ವಿಂಗಡಿಸುವ ವಿಚಾರಕ್ಕೆ 1970ರ ದಶಕದಿಂದ ವಾಸುದೇವರಾವ್, ಹುಂಡೇಕರ, ಗದ್ದಿಗೌಡರ, ಎಂ. ಬಿ. ಪ್ರಕಾಶ ಅವರ ಹೆಸರಿನ ಸಮಿತಿಗಳು ಒಂದರ ನಂತರ ಒಂದು ನೇಮಕವಾದವು. 2013ರ ಫೆಬ್ರವರಿಯ ಆಯವ್ಯಯದಲ್ಲಿ ಜಗದೀಶ ಶೆಟ್ಟರ ಅವರ ಸರ್ಕಾರ 43 ಹೊಸ ತಾಲ್ಲೂಕುಗಳನ್ನು ಘೋಷಿಸಿತು, ಜಾರಿ ತಡವಾಯಿತು. 2017ರ ಮಾರ್ಚಿನಲ್ಲಿ ಸಿದ್ದರಾಮಯ್ಯ ಅವರ ಸರ್ಕಾರ 49 ತಾಲ್ಲೂಕುಗಳನ್ನು ಘೋಷಿಸಿತು. 2018ರಲ್ಲಿ ಅಥಣಿಯಿಂದ ಕಾಗವಾಡ, ಚಿಕ್ಕೋಡಿಯಿಂದ ನಿಪ್ಪಾಣಿ, ಗೋಕಾಕದಿಂದ ಮೂಡಲಗಿ ಬೇರೆಯಾದವು. ಕಿತ್ತೂರು, ಯರಗಟ್ಟಿಗಳೂ ಸೇರಿ ಜಿಲ್ಲೆಯ ತಾಲ್ಲೂಕುಗಳು 15ಕ್ಕೆ ಏರಿದವು.

ಕಾಗವಾಡ ತಾಲ್ಲೂಕಿನ ಪ್ರಮುಖ ಊರುಗಳು ಉಗಾರ ಖುರ್ದ, ಉಗಾರ ಬುದ್ರುಕ, ಶೇಡಬಾಳ, ಐನಾಪುರ, ಮೋಳೆ, ಮಂಗಸೂಳಿ, ಜುಗೂಳ. ಜನಸಂಖ್ಯೆಯಲ್ಲಿ ಉಗಾರ ಖುರ್ದ ದೊಡ್ಡದಾದರೂ ಮಿರಜ, ಅಥಣಿ, ಚಿಕ್ಕೋಡಿಗಳ ರಸ್ತೆಗಳ ನಡುವೆ ಇರುವ ಕಾಗವಾಡವೇ ಕೇಂದ್ರವಾಯಿತು.

ತಾಲ್ಲೂಕಿನ ಬೇಡಿಕೆ ಈಡೇರಿದ ಮೇಲೆ ಉಳಿದಿರುವುದು ಜಿಲ್ಲೆಯ ಬೇಡಿಕೆ. ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,400 ಚದರ ಕಿ.ಮೀ.ಗೂ ಹೆಚ್ಚು, ಅಥಣಿಯಿಂದ ಜಿಲ್ಲಾ ಕೇಂದ್ರ 100 ಕಿ.ಮೀ.ಗೂ ದೂರ. 1997ರಲ್ಲಿ ಜೆ. ಎಚ್. ಪಟೇಲ ಅವರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಸೇರಿ ಏಳು ಹೊಸ ಜಿಲ್ಲೆಗಳನ್ನು ರಚಿಸಿದಾಗ ಚಿಕ್ಕೋಡಿ ಮತ್ತು ಗೋಕಾಕಗಳ ಹೆಸರೂ ಬಂದಿತ್ತು. ಗಡಿ ವಿವಾದ ಮುಗಿಯುವ ಮೊದಲು ಬೆಳಗಾವಿಯನ್ನು ಒಡೆಯಬಾರದೆಂಬ ವಿರೋಧ ಎದ್ದು ಆ ಪ್ರಸ್ತಾಪವನ್ನು ಕೈಬಿಡಲಾಯಿತು. ಚಿಕ್ಕೋಡಿ ಜಿಲ್ಲೆಗಾಗಿ ಹೋರಾಟ ಅಂದಿನಿಂದ ನಡೆದಿದೆ. ಉಪವಿಭಾಗಾಧಿಕಾರಿಯ ಕಚೇರಿ, ಶಾಲಾ ಶಿಕ್ಷಣದ ಉಪನಿರ್ದೇಶಕರ ಕಚೇರಿ, ಪ್ರಾದೇಶಿಕ ಸಾರಿಗೆ ಕಚೇರಿಗಳು ಈಗಾಗಲೇ ಚಿಕ್ಕೋಡಿಯಲ್ಲಿವೆ. ಜಿಲ್ಲಾಧಿಕಾರಿಯ ಕಚೇರಿ ಬೆಳಗಾವಿಯಲ್ಲಿದೆ.